ಬಾದಾಮಿಯ ಬಂಡೆಯೂ ತೈಲವರ್ಣದ ಭೂದೃಶ್ಯವೂ

ಬಾದಾಮಿಯ ಬಂಡೆಯ ಬಣ್ಣ ಯಾವುದೆಂದು ಪ್ರಾಥಮಿಕ ಶಾಲೆಯ ಬಾಲಕನನ್ನು ಕೇಳಿದರೆ 'ಕೆಂಪು' ಎಂದು ತಡವರಿಸದೆ ಉತ್ತರಿಸುತ್ತಾನೆ. ಉತ್ತರ ತಪ್ಪೇನೂ ಅಲ್ಲ. ಆದರೆ ಅದೇ ಬಾಲಕನು ಬಣ್ಣದ ಪೆಟ್ಟಿಗೆಯಿಂದ ಕೆಂಪನ್ನು ತೆಗೆದು ಬೆಟ್ಟಕ್ಕೆ ಬಳಿದಾಗ ಕಾಗದದ ಮೇಲೆ ಬೆಟ್ಟದ ಬದಲು ಹೆಂಚಿನ ರಾಶಿಯೊಂದು ಮೂಡುತ್ತದೆ. ಕಂಡದ್ದಕ್ಕೂ ಬರೆದದ್ದಕ್ಕೂ ನಡುವೆ ಉಂಟಾಗುವ ಈ ಅಂತರವೇ ಭೂದೃಶ್ಯ ಚಿತ್ರಕಾರನ ಸಮಸ್ಯೆಯ ಮೂಲ. ತನಗೆ ಗೊತ್ತಿರುವ ಬಣ್ಣದ ಹೆಸರನ್ನು ಬದಿಗಿರಿಸಿ ಕಣ್ಣೆದುರಿನದನ್ನು ಕಾಣುವುದು ಆತನ ಮೊದಲ ಪಾಠ.

ಅಗಸ್ತ್ಯತೀರ್ಥದ ಪಶ್ಚಿಮಕ್ಕೆ ಊರು, ಪೂರ್ವದ ತುದಿಯಲ್ಲಿ ಭೂತನಾಥ ಗುಡಿಗಳು, ದಕ್ಷಿಣದ ಬೆಟ್ಟದಲ್ಲಿ ನಾಲ್ಕು ಗುಹೆಗಳು, ಉತ್ತರದ ಬೆಟ್ಟದ ಕಡೆ ಕೋಟೆ ಮತ್ತು ಮಾಲೆಗಿತ್ತಿ ಶಿವಾಲಯ. ಊರ ಕಡೆಯ ದಂಡೆಯಲ್ಲಿ ನಿಂತು ನೋಡುವವನಿಗೆ ಮುಂಜಾನೆಯ ಸೂರ್ಯನು ಭೂತನಾಥದ ಹಿಂದಿನಿಂದ ಬರುತ್ತಾನೆ. ಆಗ ಬಂಡೆ ಬೂದು ಮಿಶ್ರಿತ ನೇರಳೆ. ಅಂಚಿನಲ್ಲಿ ಮಾತ್ರ ಹೊನ್ನಿನ ಗೆರೆ. ನಡುಹಗಲಿನಲ್ಲಿ ಅದೇ ಬಂಡೆ ಬಿಳಚಿಕೊಂಡು ಒಣ ರೊಟ್ಟಿಯ ಬಣ್ಣಕ್ಕೆ ಇಳಿಯುತ್ತದೆ. ಸಂಜೆಯ ಎಳೆಬಿಸಿಲು ಪಡುವಣದಿಂದ ನೇರವಾಗಿ ಬಿದ್ದಾಗ ಒಳಗೆ ಕೆಂಡವಿದೆಯೋ ಎಂಬಂತೆ ಹೊಳೆಯುತ್ತದೆ. ಮಳೆ ಬಿದ್ದ ಮರುಗಳಿಗೆಯ ಬಣ್ಣ ಮತ್ತೂ ಬೇರೆ. ನೀರು ಹರಿದ ಜಾಡಿನಲ್ಲೆಲ್ಲ ಕಪ್ಪು ಪಟ್ಟಿಗಳು ಎದ್ದು ಕಾಣುತ್ತವೆ. ಇವುಗಳಲ್ಲಿ ಬಾದಾಮಿಯ ನಿಜವಾದ ಬಣ್ಣ ಯಾವುದು? ಚಿತ್ರಕಾರನು ಈ ಪ್ರಶ್ನೆಗೆ ಉತ್ತರ ಹುಡುಕುವುದಿಲ್ಲ. ಒಂದು ಗಳಿಗೆಯನ್ನು ಆರಿಸಿಕೊಳ್ಳುತ್ತಾನೆ.

ಈ ಕೆಂಪಿನ ಕಾರಣವನ್ನು ವಿಜ್ಞಾನದ ಶಿಕ್ಷಕರು ಬಲ್ಲರು. ಮರಳುಗಲ್ಲಿನ ಕಣಗಳನ್ನು ಸುತ್ತುವರಿದಿರುವ ಕಬ್ಬಿಣದ ಆಕ್ಸೈಡೇ ಅದು. ಕುತೂಹಲದ ಸಂಗತಿಯೆಂದರೆ, ಚಿತ್ರಕಾರನ ಪೆಟ್ಟಿಗೆಯಲ್ಲಿರುವ 'ಇಂಡಿಯನ್ ರೆಡ್', 'ಯೆಲ್ಲೋ ಓಕರ್', 'ಬರ್ನ್ಟ್ ಸಿಯೆನ್ನಾ' ಎಂಬ ವರ್ಣಗಳು ಕೂಡ ಕಬ್ಬಿಣದ ಆಕ್ಸೈಡಿನವೇ. ನಮ್ಮ ಹಿರಿಯರು ಕೆಮ್ಮಣ್ಣು ಎಂದದ್ದೂ, ಕಾವಿ ಎಂದು ಕರೆದು ಗೋಡೆಗೂ ಬಟ್ಟೆಗೂ ಹಚ್ಚಿದ್ದೂ ಇದೇ ವಸ್ತುವನ್ನು. ಎಂದಮೇಲೆ ಬಾದಾಮಿಯ ಬಂಡೆಯನ್ನು ಬರೆಯುವವನು ಒಂದರ್ಥದಲ್ಲಿ ಬಂಡೆಯಿಂದಲೇ ಬಂಡೆಯನ್ನು ಬರೆಯುತ್ತಾನೆ. ಚಾಲುಕ್ಯರ ಕಾಲದ ವರ್ಣಚಿತ್ರಗಾರನಿಗೂ ಈ ನಂಟು ಅಪರಿಚಿತವಾಗಿರಲಾರದು. ಮಂಗಳೇಶನ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ, ಮುಂಚಾಚಿದ ಸೂರಿನ ಒಳಮೈಯಲ್ಲಿ ಉಳಿದಿರುವ ಚಿತ್ರಗಳ ಅವಶೇಷಗಳು ಈಗ ಮಸುಕಾಗಿವೆ. ಆದರೂ ಕೆಲವೆಡೆ ಮಣ್ಣಿನ ಕೆಂಪು ಇನ್ನೂ ಗುರುತು ಸಿಗುತ್ತದೆ.

ವರ್ಣಪುಡಿ ಬಂಡೆಯದಾದರೆ ಅದನ್ನು ಹಿಡಿದಿಡುವ ಎಣ್ಣೆ ಹೊಲದ್ದು. ತೈಲವರ್ಣಕ್ಕೆ ಬಳಸುವ ಮುಖ್ಯ ಎಣ್ಣೆ ಅಗಸೆಯದು. ಬಿಳಿ ಮತ್ತು ತಿಳಿ ನೀಲಿಯಂಥ ವರ್ಣಗಳಿಗೆ ಕುಸುಬೆಯ ಎಣ್ಣೆಯನ್ನು ಸೇರಿಸುವುದುಂಟು. ಅದು ಕಾಲಕ್ರಮದಲ್ಲಿ ಅಗಸೆಯ ಎಣ್ಣೆಯಷ್ಟು ಹಳದಿಗಟ್ಟುವುದಿಲ್ಲ. ಹುನಗುಂದದ ಎರೆಭೂಮಿಯ ರೈತನಿಗೆ ಇವೆರಡೂ ಮನೆಯ ಬೆಳೆಗಳು. ಹಿಂಗಾರಿ ಜೋಳದ ಜೊತೆಗೆ ಕುಸುಬೆಯ ಸಾಲು, ಅಲ್ಲಲ್ಲಿ ನೀಲಿ ಹೂವಿನ ಅಗಸೆ. ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿಗೂ ದೊಡ್ಡ ದೊಡ್ಡ ಚಿತ್ರಶಾಲೆಗಳ ಪಟಗಳಿಗೂ ಬೀಜ ಒಂದೇ ಎಂಬುದನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ಮರೆಯುವುದಿಲ್ಲ.

ಈ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕದೊಡನೆ ಕೂಡಿ ನಿಧಾನವಾಗಿ ಗಟ್ಟಿಯಾಗುತ್ತದೆ. ತೆಳುವಾದ ಲೇಪಕ್ಕೆ ಕೆಲವು ದಿನ, ದಪ್ಪನೆಯದಕ್ಕೆ ವಾರಗಳೇ ಬೇಕು. ಆದಕಾರಣ ಮೊದಲ ಪದರವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಹಚ್ಚಬೇಕು. ಮೇಲೆ ಮೇಲೆ ಹೋದಂತೆ ಎಣ್ಣೆಯ ಅಂಶವನ್ನು ಹೆಚ್ಚಿಸಬೇಕು. ಈ ಕ್ರಮ ತಪ್ಪಿ ಎಣ್ಣೆ ಹೆಚ್ಚಿರುವ ಪದರದ ಮೇಲೆ ತೆಳುವಾದ ಪದರ ಬಂದರೆ ಮೇಲಿನದು ಬೇಗ ಒಣಗಿ, ಕೆಳಗಿನದು ಇನ್ನೂ ಸರಿದಾಡುತ್ತ, ಚಿತ್ರ ಬಿರುಕುಬಿಡುತ್ತದೆ. ಬೇಸಿಗೆಯ ಎರೆಹೊಲವನ್ನು ಬಲ್ಲವರಿಗೆ ಆ ಬಿರುಕಿನ ರೂಪವನ್ನು ವಿವರಿಸಬೇಕಾಗಿಲ್ಲ.

ಕರ್ನಾಟಕದ ಭೂದೃಶ್ಯ ಚಿತ್ರಕಲೆಯಲ್ಲಿ ಜಲವರ್ಣಕ್ಕೆ ದೊಡ್ಡ ಹೆಸರಿದೆ. ಕೆ. ವೆಂಕಟಪ್ಪನವರ (1886–1965) ಊಟಿ, ಕೊಡೈಕೆನಾಲುಗಳ ಚಿತ್ರಗಳಲ್ಲಿ ಮಂಜು, ಮೋಡ, ಹಸಿ ಗಾಳಿಗಳೇ ವಸ್ತು. ಆ ನಾಡಿಗೆ ನೀರೇ ತಕ್ಕ ಮಾಧ್ಯಮ. ಬಾದಾಮಿಯ ಮಾತು ಬೇರೆ. ಇಲ್ಲಿ ಗಾಳಿ ಒಣ, ಬೆಳಕು ಕಟುವಾದದ್ದು, ಬಂಡೆಗೆ ತೂಕವುಂಟು. ಆ ತೂಕವನ್ನು ಹೊರಲು ವರ್ಣಕ್ಕೂ ಮೈ ಬೇಕು. ಸ್ವಾತಂತ್ರ್ಯ ಹೋರಾಟಗಾರರೂ ಆಗಿದ್ದ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಬಿಟ್ಟ ಮರಗಳನ್ನು ಜಲವರ್ಣ, ತೈಲವರ್ಣ ಎರಡರಲ್ಲಿಯೂ ಬರೆದರು. ಸಣ್ಣ ಸಣ್ಣ ಕುಂಚಸ್ಪರ್ಶಗಳನ್ನು ಒತ್ತಾಗಿ ಜೋಡಿಸುವ ಅವರ ರೀತಿಯನ್ನು ಕಂಡವರಿಗೆ, ವರ್ಣದ ಮೈಯೇ ಮರದ ಮೈಯಾಗುವುದು ಹೇಗೆಂಬುದು ತಿಳಿಯುತ್ತದೆ.

ತೈಲವರ್ಣವನ್ನು ಬಯಲಿಗೆ ಹೊತ್ತೊಯ್ಯುವುದು ಬಹುಕಾಲ ಸುಲಭವಾಗಿರಲಿಲ್ಲ. 1841ರಲ್ಲಿ ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ ಹಿಂಡಿ ಬಳಸುವ ಲೋಹದ ಕೊಳವೆಯನ್ನು ಕಂಡುಹಿಡಿದ ಮೇಲೆ ಬಣ್ಣ ಒಣಗದೆ ಚೀಲದಲ್ಲಿ ಉಳಿಯತೊಡಗಿತು. ಫ್ರಾನ್ಸಿನ ಸೆಜಾನ್ ತನ್ನೂರಿನ ಸೇಂಟ್ ವಿಕ್ಟ್ವಾರ್ ಎಂಬ ಒಂದೇ ಬೆಟ್ಟವನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಬರೆದನು. 1906ರಲ್ಲಿ ಬಯಲಿನಲ್ಲಿ ಚಿತ್ರ ಬರೆಯುತ್ತಿರುವಾಗ ಮಳೆಗೆ ಸಿಕ್ಕಿ ಕುಸಿದು, ಕೆಲವೇ ದಿನಗಳಲ್ಲಿ ತೀರಿಕೊಂಡನು. ಒಂದು ಬೆಟ್ಟಕ್ಕೆ ಒಂದು ಆಯುಷ್ಯ ಸಾಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ಅಗಸ್ತ್ಯತೀರ್ಥದ ದಂಡೆಯಲ್ಲಿ ಸಂಜೆಯ ಭೂತನಾಥವನ್ನು ಬರೆಯಲು ಕುಳಿತವನ ಕೆಲಸವನ್ನು ನೋಡಬಹುದು. ಬಿಳಿಯ ಕ್ಯಾನ್ವಾಸು ಇಲ್ಲಿಯ ಬಿಸಿಲಿನಲ್ಲಿ ಕಣ್ಣು ಕುಕ್ಕುತ್ತದೆ. ಅದರ ಮೇಲೆ ಯಾವ ವರ್ಣವಿಟ್ಟರೂ ಕಪ್ಪಾಗಿ ತೋರುತ್ತದೆ. ಆದ್ದರಿಂದ ಹಿಂದಿನ ದಿನವೇ ಕೆಮ್ಮಣ್ಣಿನ ವರ್ಣವನ್ನು ಟರ್ಪೆಂಟೈನಿನಲ್ಲಿ ಕಲಸಿ, ಬಟ್ಟೆಯಿಂದ ತೆಳ್ಳಗೆ ಒರೆಸಿ ಒಣಗಿಸಿಟ್ಟಿರಬೇಕು. ಪಟದ ಮೇಲೆ ನೇರ ಬಿಸಿಲು ಬೀಳದ ಸ್ಥಳ ಬೇಕು. ಮೊದಲ ಕಾಲು ಗಂಟೆ ಕುಂಚವನ್ನು ಮುಟ್ಟದೆ ನೋಡುವುದೇ ಕೆಲಸ. ಬಳಿಕ ಕಣ್ಣನ್ನು ಅರ್ಧ ಮುಚ್ಚಿದರೆ ವಿವರಗಳೆಲ್ಲ ಅಳಿದು ಆಕಾಶ, ಬಂಡೆ, ನೀರು ಎಂಬ ಮೂರು ರಾಶಿಗಳು ಉಳಿಯುತ್ತವೆ. ಅವುಗಳಲ್ಲಿ ಅತ್ಯಂತ ಕಪ್ಪಾದುದು ಎಲ್ಲಿ, ಅತ್ಯಂತ ಬೆಳಕಾದುದು ಎಲ್ಲಿ ಎಂಬುದನ್ನು ಮೊದಲು ಗುರುತಿಸಿಕೊಂಡರೆ ಉಳಿದುದೆಲ್ಲ ಅವೆರಡರ ನಡುವೆ ತನ್ನ ಸ್ಥಾನವನ್ನು ಕಂಡುಕೊಳ್ಳುತ್ತದೆ. ಗುಡಿಯ ಕಂಬಗಳನ್ನು ಎಣಿಸುತ್ತ ಕುಳಿತವನಿಗೆ ಬೆಳಕು ಕಾಯುವುದಿಲ್ಲ.

ಎಲ್ಲರೂ ಎಡವುವುದು ನೆರಳಿನಲ್ಲಿ. ಬಂಡೆಯ ಸೀಳುಗಳಲ್ಲಿರುವುದು ಕಪ್ಪಲ್ಲ. ಅಲ್ಲಿ ಆಕಾಶದ ನೀಲಿ ಇಳಿದಿರುತ್ತದೆ, ಎದುರು ಬಂಡೆಯಿಂದ ಪುಟಿದ ಕೆಂಪು ಸೇರಿರುತ್ತದೆ, ನೀರಿಗೆ ಹತ್ತಿರವಾದಂತೆ ಹೊಂಡದ ಹಸಿರೂ ತಾಗಿರುತ್ತದೆ. ಮರಳುಗಲ್ಲಿನ ಪದರಗಳು ಅಡ್ಡಲಾಗಿ, ಸೀಳುಗಳು ಲಂಬವಾಗಿ ಸಾಗುವುದರಿಂದ ಗಡುಸು ಕೂದಲಿನ ಚಪ್ಪಟೆ ಕುಂಚವೂ ಅದೇ ದಿಕ್ಕನ್ನು ಅನುಸರಿಸಬೇಕು. ಎರಡು ಗಂಟೆಗಿಂತ ಹೆಚ್ಚು ಕಾಲ ಬರೆಯುವುದು ವ್ಯರ್ಥ. ಅಷ್ಟರಲ್ಲಿ ಸೂರ್ಯನು ಚಿತ್ರವನ್ನು ಬದಲಿಸಿಬಿಟ್ಟಿರುತ್ತಾನೆ. ಮರುದಿನ ಅದೇ ಹೊತ್ತಿಗೆ ಬಂದು ಮುಂದುವರಿಸಬೇಕು. ಮುಂಜಾನೆಗೆ ಬೇರೆ ಪಟವೇ ಬೇಕು. ಮೋನೆ ಎಂಬ ಫ್ರೆಂಚ್ ಚಿತ್ರಕಾರನು 1890–91ರಲ್ಲಿ ಹುಲ್ಲಿನ ಬಣವೆಗಳನ್ನು ಹೀಗೆ ಹೊತ್ತುಹೊತ್ತಿಗೆ ಪಟ ಬದಲಿಸಿ ಬರೆದನು. ಬಣವೆಗಳಿಗೆ ನಮ್ಮಲ್ಲೇನು ಕೊರತೆ? ಹಸಿ ಬಣ್ಣಕ್ಕೆ ಧೂಳು ಅಂಟುವುದು ತಪ್ಪದು. ಕೋತಿಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಬಾದಾಮಿಯ ಕೋತಿಗೆ ಎಣ್ಣೆಯ ಸೀಸೆಗೂ ತಿನಿಸಿನ ಪೊಟ್ಟಣಕ್ಕೂ ವ್ಯತ್ಯಾಸವಿಲ್ಲ.

ಬಾದಾಮಿಯಿಂದ ಹುನಗುಂದದ ಕಡೆ ಸಾಗಿದಂತೆ ಕೆಂಪು ಹಿಂದೆ ಸರಿದು ಎರೆಯ ಕಪ್ಪು ಆವರಿಸುತ್ತದೆ. ಇಲ್ಲಿ ಕೊಳವೆಯ ಕಪ್ಪನ್ನು ನೇರವಾಗಿ ಹಚ್ಚಿದರೆ ಹೊಲವು ರಂಧ್ರದಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಸೇರಿಸಿದರೆ ಜೀವವುಳ್ಳ ಕಪ್ಪು ಹುಟ್ಟುತ್ತದೆ: ನೀಲಿ ಹೆಚ್ಚಾದರೆ ಮಳೆ ಹೀರಿದ ಹೊಲ, ಅಂಬರ್ ಹೆಚ್ಚಾದರೆ ಹರಗಿ ಬಿಟ್ಟ ಹೊಲ. ಇಳಕಲ್ಲಿನಲ್ಲಿ ಮತ್ತೆ ಕೆಂಪು ಕಾಣಿಸುತ್ತದೆ. ಆದರೆ ಇದು ಗ್ರಾನೈಟು. ಹರಳುಗಳುಳ್ಳ ಕಲ್ಲಾದುದರಿಂದ ಬಾದಾಮಿಯ ಬಂಡೆಯಂತೆ ಬೆಳಕನ್ನು ಹೀರದೆ ಚೂರು ಚೂರಾಗಿ ಹಿಂದಿರುಗಿಸುತ್ತದೆ. ಬಣ್ಣಕ್ಕೆ ಬಣ್ಣ ಒಡ್ಡುವ ವಿದ್ಯೆಯನ್ನು ಅಲ್ಲಿಯ ನೇಕಾರರಿಂದ ಕಲಿಯುವುದು ಬಹಳವಿದೆ. ಇಳಕಲ್ ಸೀರೆಯ ತೋಪ್ ತೆನಿ ಸೆರಗಿನ ಕೆಂಪು ಅಷ್ಟು ಉಜ್ವಲವಾಗಿ ತೋರಲು ಅದರೊಳಗಿನ ಬಿಳಿಯೂ ಒಡಲಿನ ಕಡು ನೀಲಿಯೂ ಕಾರಣ. ಪ್ಯಾರಿಸಿನ ಗೋಬ್ಲಿನ್ ನೇಯ್ಗೆ ಕಾರ್ಖಾನೆಯ ರಸಾಯನಶಾಸ್ತ್ರಜ್ಞ ಶೆವ್ರಲ್, ನೆರೆಯ ಬಣ್ಣದಿಂದ ಬಣ್ಣ ಬದಲಾಗುವ ಈ ನಿಯಮವನ್ನು 1839ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಅವನಿಗೂ ವಿಷಯ ಹೊಳೆದದ್ದು ನೂಲಿನಿಂದಲೇ.

ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರೂ ಗದುಗಿನಲ್ಲಿ ಟಿ. ಪಿ. ಅಕ್ಕಿಯವರೂ ಕಲಾಶಾಲೆಗಳನ್ನು ಕಟ್ಟಿ, ಉತ್ತರ ಕರ್ನಾಟಕದಲ್ಲಿ ಚಿತ್ರಕಲೆಯ ಕಲಿಕೆಗೆ ನೆಲೆ ಒದಗಿಸಿದರು. ಹಾಗಿದ್ದೂ ನಮ್ಮ ಪ್ರೌಢಶಾಲೆಗಳಲ್ಲಿ ಭೂದೃಶ್ಯವೆಂದರೆ ಎರಡು ಗುಡ್ಡ, ನಡುವೆ ಸೂರ್ಯ, ಒಂದು ತೆಂಗಿನ ಮರ ಎಂಬ ರೂಢಿ ಇನ್ನೂ ಹೋಗಿಲ್ಲ. ಎರೆಹೊಲದ ಮಗು ತಾನು ಕಾಣದ ತೆಂಗಿನ ತೋಟವನ್ನು ಬರೆಯುತ್ತದೆ. ದಿನವೂ ಕಾಣುವ ಜಾಲಿ, ಬೇವುಗಳನ್ನು ಬರೆಯುವುದಿಲ್ಲ.

ಹೀಗೆ ಬರೆಯದೆ ಬಿಟ್ಟುದರ ಬೆಲೆ ಬಾಗಲಕೋಟೆಯಲ್ಲಿ ಕಾಣುತ್ತದೆ. 1964ರಲ್ಲಿ ಅಡಿಗಲ್ಲು ಹಾಕಲಾದ ಆಲಮಟ್ಟಿಯ ಜಲಾಶಯವು 519.60 ಮೀಟರ್ ಮಟ್ಟಕ್ಕೆ ತುಂಬುವಂತಾದಾಗ, ಘಟಪ್ರಭೆಯ ದಂಡೆಯ ಹಳೆಯ ಊರಿನ ದೊಡ್ಡ ಭಾಗ ನೀರಿನ ಪಾಲಾಯಿತು. ಜನ ನವನಗರಕ್ಕೆ ಬಂದರು. ಮುಳುಗಡೆಯಾದ ಮನೆಗಳ ಅಳತೆ ದಾಖಲೆಗಳಲ್ಲಿದೆ, ಕಪ್ಪು-ಬಿಳುಪಿನ ಛಾಯಾಚಿತ್ರಗಳು ಮನೆಮನೆಗಳಲ್ಲಿವೆ. ಆದರೆ ಮಣ್ಣಿನ ಮಾಳಿಗೆಯ ಮೇಲೆ ಸಂಜೆಯ ಬಿಸಿಲು ಯಾವ ಬಣ್ಣಕ್ಕೆ ತಿರುಗುತ್ತಿತ್ತು, ಓಣಿಯ ನೆರಳಿನಲ್ಲಿ ಸುಣ್ಣದ ಗೋಡೆ ಎಷ್ಟು ನೀಲಿಯಾಗಿ ತೋರುತ್ತಿತ್ತು ಎಂಬುದನ್ನು ಆ ಛಾಯಾಚಿತ್ರಗಳು ಹೇಳವು. ಅದನ್ನು ಬಲ್ಲ ಹಳೆಯ ವಿದ್ಯಾರ್ಥಿಗಳು ಇನ್ನೂ ಇದ್ದಾರೆ. ಅವರನ್ನು ಎದುರಿಗೆ ಕೂರಿಸಿಕೊಂಡು, ಅವರ ನೆನಪಿನಂತೆ ಒಂದೊಂದು ಓಣಿಯ ಬಣ್ಣವನ್ನು ಕಲಸಿ, ಸರಿಯೇ ತಪ್ಪೇ ಎಂದು ಕೇಳುತ್ತ ಬರೆಯುವ ಕೆಲಸಕ್ಕೆ ಚಿತ್ರಕಲಾ ಶಿಕ್ಷಕರು ಕೈಹಾಕಬಹುದು.

ಊರಿದ್ದ ಜಾಗದಲ್ಲಿ ಈಗ ಹಿನ್ನೀರಿನ ಉದ್ದನೆಯ ಅಡ್ಡಗೆರೆ. ಬೇಸಿಗೆಯಲ್ಲಿ ನೀರು ಇಳಿದಾಗ ಹೂಳು ಮೇಲೆದ್ದು ಬಿರಿಯುತ್ತದೆ. ಅದರ ಬಣ್ಣ ಎರೆಯ ಕಪ್ಪೂ ಅಲ್ಲ, ಬಾದಾಮಿಯ ಕೆಂಪೂ ಅಲ್ಲ, ಬೂದಿಯದು. ಅಲ್ಟ್ರಾಮರೀನ್, ಅಂಬರ್, ಬಹಳಷ್ಟು ಬಿಳಿ ಸೇರಿದರೆ ಅದು ದೊರೆಯುತ್ತದೆ.