ಎಂಒಟಿ ಪರೀಕ್ಷಕರ ವರ್ಷದ ಓದು: ಮೂರು ಗಂಟೆ, ಮೂವತ್ತು ಪ್ರಶ್ನೆ

ನಮ್ಮಲ್ಲಿ ಲಾರಿ, ಬಸ್ಸು, ಟ್ಯಾಕ್ಸಿಗಳಿಗೆ ಎಫ್‌ಸಿ ಮಾಡಿಸುವ ಹಾಗೆ ಬ್ರಿಟನ್ನಿನಲ್ಲಿ ಮನೆಯ ಕಾರಿಗೂ ಎಂಒಟಿ ಆಗಲೇಬೇಕು. 1960ರಲ್ಲಿ ಶುರುವಾದಾಗ ಹತ್ತು ವರ್ಷ ದಾಟಿದ ವಾಹನಗಳಿಗಷ್ಟೇ ಇದ್ದ ಈ ತಪಾಸಣೆ ಈಗ ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಕಾರಿಗೆ ಮೂರು ವರ್ಷ ತುಂಬಿದಾಗಿನಿಂದ ಪ್ರತಿ ವರ್ಷ ನಡೆಯುತ್ತದೆ. ಆದರೆ ಇದನ್ನು ಮಾಡುವವರು ನಮ್ಮ ‘ಬ್ರೇಕ್ ಇನ್ಸ್‌ಪೆಕ್ಟರ್’ ತರಹದ ಸರ್ಕಾರಿ ಅಧಿಕಾರಿಗಳಲ್ಲ. ಬಹುಪಾಲು ಖಾಸಗಿ ಗ್ಯಾರೇಜುಗಳಲ್ಲಿ ಕೆಲಸ ಮಾಡುವ, ಡಿವಿಎಸ್‌ಎ ಎಂಬ ಸರ್ಕಾರಿ ಸಂಸ್ಥೆಯಿಂದ ಅಧಿಕಾರ ಪಡೆದ ಮೆಕ್ಯಾನಿಕ್‌ಗಳು. ರಿಪೇರಿಯ ದುಡ್ಡು ಬರುವ ಜಾಗದಲ್ಲೇ ಪಾಸು ಫೇಲಿನ ತೀರ್ಪೂ ಆಗುವುದರಿಂದ, ತೀರ್ಪು ಕೊಡುವವರ ಕೈ ಪಳಗಿದೆಯೇ ಎಂದು ಆಗಾಗ ನೋಡುವುದು ಅನಿವಾರ್ಯ. ಮೊದಲು ಐದು ವರ್ಷಕ್ಕೊಮ್ಮೆ ಪುನರ್ತರಬೇತಿಗೆ ಹೋಗಿ ಬಂದರೆ ಮುಗಿಯುತ್ತಿತ್ತು. 2016ರಿಂದ ಪ್ರತಿ ವರ್ಷ ತರಬೇತಿ, ಅದರ ಮೇಲೊಂದು ಆನ್‌ಲೈನ್ ಪರೀಕ್ಷೆ. ಅಲ್ಲಿನ ಗ್ಯಾರೇಜುಗಳಲ್ಲಿ ದುಡಿಯುತ್ತಿರುವ ಕನ್ನಡಿಗರಿಗೂ ಈ ಕೆಲಸಕ್ಕೆ ಇಳಿಯಬೇಕೆನ್ನುವವರಿಗೂ ಇದರ ಒಳಹೊರಗು ತಿಳಿದಿರಬೇಕು. ಪರೀಕ್ಷೆಗೆ ಕೊನೆಯ ದಿನಾಂಕವಿದೆ, ಅಂಕವಿದೆ. ಹಾಗಾಗಿ ಎಲ್ಲರ ತಲೆಬಿಸಿಯೂ ಅದರ ಮೇಲೆಯೇ. ನಿಜವಾಗಿ ಎಡವುವುದು ಮಾತ್ರ ಅದಕ್ಕೆ ಮುಂಚಿನ ಮೂರು ಗಂಟೆಗಳ ತರಬೇತಿಯಲ್ಲಿ.

ಮೊದಲು ಲೆಕ್ಕ ನೋಡಿ. ತರಬೇತಿಯ ವರ್ಷ ಏಪ್ರಿಲ್‌ನಿಂದ ಮಾರ್ಚ್ 31ರವರೆಗೆ. ವರ್ಷಕ್ಕೆ ಕನಿಷ್ಠ 3 ಗಂಟೆ, ಐದು ವರ್ಷಕ್ಕೆ ಒಟ್ಟು 16 ಗಂಟೆ ಕಲಿಕೆ ಆಗಿರಬೇಕು. ಮೂರೈದಲ ಹದಿನೈದು, ಪ್ರತಿ ವರ್ಷ ಕನಿಷ್ಠಕ್ಕೇ ಕೈ ತೊಳೆದುಕೊಂಡವರಿಗೆ ಕೊನೆಗೆ ಒಂದು ಗಂಟೆ ಕೊರತೆ ಬೀಳುತ್ತದೆ. ಆದ್ದರಿಂದ ಯಾವುದಾದರೂ ಒಂದು ವರ್ಷ ನಾಲ್ಕು ಗಂಟೆ ಮಾಡಿಟ್ಟುಕೊಳ್ಳಿ, ಅದೂ ಮೊದಲ ವರ್ಷವೇ ಆದರೆ ಮರೆಯುವ ಭಯವಿಲ್ಲ. ಮೋಟಾರ್ ಸೈಕಲ್‌ಗಳದ್ದು ‘ಎ’ ಗುಂಪು, ಕಾರು ಮತ್ತು ಹಗುರ ವ್ಯಾನುಗಳದ್ದು ‘ಬಿ’ ಗುಂಪು. ಎರಡಕ್ಕೂ ಅಧಿಕಾರ ಪಡೆದವರಿಗೆ ಪರೀಕ್ಷೆಯೂ ಎರಡು. ಈ ಗಂಟೆಗಳನ್ನು ದುಡ್ಡು ಕೊಟ್ಟು ಯಾವುದೋ ಕೋರ್ಸಿನಲ್ಲೇ ಕಳೆಯಬೇಕೆಂಬ ನಿಯಮವಿಲ್ಲ. ತಪಾಸಣೆಯ ಕೈಪಿಡಿ ಓದುವುದು, ಗ್ಯಾರೇಜಿನ ಹಿರಿಯ ಪರೀಕ್ಷಕರ ಜೊತೆ ಒಂದೇ ಗಾಡಿಯನ್ನು ಇಬ್ಬರೂ ನೋಡಿ ಟಿಪ್ಪಣಿ ತಾಳೆ ಹಾಕುವುದು, ಇವೂ ತರಬೇತಿಯೇ.

ಏನನ್ನು ಕಲಿಯಬೇಕು ಎನ್ನುವಲ್ಲಿ ವಿವೇಚನೆ ಬೇಕು. ಪ್ರತಿ ವರ್ಷದ ವಿಷಯಗಳನ್ನು ಡಿವಿಎಸ್‌ಎ ತಾನೇ ಪ್ರಕಟಿಸುತ್ತದೆ, ಅವನ್ನು ಬಿಡುವಂತಿಲ್ಲ. ಅದರ ಜೊತೆಗೆ ಎಂಒಟಿ ಸೇವೆಯ ನಿಮ್ಮ ಖಾತೆಯಲ್ಲಿ ಇನ್ನೊಂದು ದಾರಿದೀಪವಿದೆ. ಒಂದು ಗಾಡಿಗೆ ನೀವು ಸರಾಸರಿ ಎಷ್ಟು ಹೊತ್ತು ಕೊಡುತ್ತೀರಿ, ಬ್ರೇಕು, ಟೈರು, ದೀಪಗಳಲ್ಲಿ ಯಾವುದಕ್ಕೆ ಎಷ್ಟು ಫೇಲು ಮಾಡುತ್ತೀರಿ ಎಂಬುದನ್ನು ದೇಶದ ಸರಾಸರಿಯ ಪಕ್ಕದಲ್ಲಿಟ್ಟು ತೋರಿಸುವ ವರದಿ ಅದು. ಸಸ್ಪೆನ್ಷನ್ನಿನಲ್ಲಿ ಬೇರೆಯವರಿಗೆ ಸಿಗುವ ದೋಷ ನಿಮಗೆ ಅಪರೂಪವಾಗಿ ಸಿಗುತ್ತಿದ್ದರೆ, ನಿಮ್ಮ ಊರಿನ ಕಾರುಗಳೆಲ್ಲ ಅಷ್ಟು ಗಟ್ಟಿಮುಟ್ಟಾಗಿವೆ ಎಂದುಕೊಳ್ಳಬಹುದು; ಇಲ್ಲವೇ ನೀವು ಲಿವರ್ ಹಾಕಿ ಬಾಲ್ ಜಾಯಿಂಟ್ ಅಲ್ಲಾಡಿಸುವುದನ್ನು ಬಿಟ್ಟಿದ್ದೀರಿ. ಎರಡನೆಯದೇ ನಿಜ ಎಂದು ಹಿಡಿದು ಒಂದು ಗಂಟೆಯನ್ನು ಅದಕ್ಕೇ ಮುಡಿಪಿಡುವುದು ಕ್ಷೇಮ.

ಇಪ್ಪತ್ತು ವರ್ಷ ಗಾಡಿಯ ಕೆಳಗೇ ಮಲಗಿ ಕೆಲಸ ಮಾಡಿದವರಿಗೆ ಇನ್ನೇನು ಕಲಿಸುತ್ತೀರಿ ಎಂಬ ತಕರಾರು ಎಲ್ಲ ಕಡೆಯೂ ಬರುತ್ತದೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ರಿಪೇರಿಯ ಕಣ್ಣು ಬೇರೆ, ತಪಾಸಣೆಯ ಕಣ್ಣು ಬೇರೆ. ಸವೆದ ಬ್ರೇಕ್ ಪ್ಯಾಡ್ ಕಂಡರೆ ಮೆಕ್ಯಾನಿಕ್ ‘ಇನ್ನು ಎರಡು ತಿಂಗಳು ಓಡೀತು, ಈಗಲೇ ಬದಲಾಯಿಸಿಬಿಡಿ’ ಎನ್ನುತ್ತಾನೆ, ಅದು ಒಳ್ಳೆಯ ಸಲಹೆಯೇ. ಪರೀಕ್ಷಕನಿಗೆ ಆ ಸ್ವಾತಂತ್ರ್ಯವಿಲ್ಲ. ಪ್ಯಾಡು ಸವೆತದ ಗುರುತು ಮುಟ್ಟಿದ್ದರೆ ಅದು ‘ಗಂಭೀರ’ ದೋಷ, 1.5 ಮಿಲಿಮೀಟರ್‌ಗಿಂತ ತೆಳುವಾಗಿದ್ದರೆ ‘ಅಪಾಯಕಾರಿ’. ಎರಡರಲ್ಲೂ ಗಾಡಿ ಫೇಲು, ಎರಡನೆಯದರಲ್ಲಿ ರಿಪೇರಿಯಾಗುವ ತನಕ ರಸ್ತೆಗಿಳಿಸಬಾರದೆಂಬ ಎಚ್ಚರಿಕೆಯೂ ಸೇರುತ್ತದೆ. ಗುರುತು ಮುಟ್ಟಿಲ್ಲವೆಂದರೆ ಪಾಸು, ಬೇಕಿದ್ದರೆ ಸಲಹೆಯೆಂದು ಬರೆಯಬಹುದು, ಅಷ್ಟೇ. ಈ ‘ಅಲ್ಪ, ಗಂಭೀರ, ಅಪಾಯಕಾರಿ’ ಎಂಬ ವಿಂಗಡಣೆ ಬಂದದ್ದೇ 2018ರ ಮೇ 20ರಂದು. ಅದೇ ದಿನದಿಂದ ಹೊಗೆ ಸೋಸುವ ಫಿಲ್ಟರ್ ಇರುವ ಡೀಸೆಲ್ ಗಾಡಿ ಕಣ್ಣಿಗೆ ಕಾಣುವ ಯಾವುದೇ ಬಣ್ಣದ ಹೊಗೆ ಬಿಟ್ಟರೆ ಫೇಲು. ಅಂದು ಇಪ್ಪತ್ತು ವರ್ಷದ ಅನುಭವವಿದ್ದವರೂ ನಿನ್ನೆ ಮೊನ್ನೆ ಬಂದವರೂ ಒಂದೇ ಸಾಲಿನಲ್ಲಿ ಕೂತು ಕಲಿಯಬೇಕಾಯಿತು. ಟೈರಿನದ್ದು ಹಳೆಯ ನಿಯಮವೇ: ಕಾರಿನ ಟೈರಿನ ಗೀರುಗಳ ಆಳ ನಡುವಿನ ಮುಕ್ಕಾಲು ಅಗಲದಲ್ಲಿ, ಸುತ್ತಲೂ 1.6 ಮಿಲಿಮೀಟರ್ ಇರಬೇಕು. ಅಲ್ಲೂ ಕೈಗೆ ಸುಲಭವಾಗಿ ಸಿಗುವ ಹೊರಭಾಗಕ್ಕಷ್ಟೇ ಅಳತೆಗೋಲು ಹಿಡಿದು ಮುಂದಕ್ಕೆ ಹೋಗುವ ಚಾಳಿ ಅನುಭವದಿಂದ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಮಾಡಿದ್ದನ್ನು ಬರೆದಿಡುವುದು ಮುಂದಿನ ಕೆಲಸ, ಹೆಚ್ಚಿನವರು ಉದಾಸೀನ ಮಾಡುವುದೂ ಇದನ್ನೇ. ಯಾವ ದಿನ, ಎಷ್ಟು ಹೊತ್ತು, ಯಾವ ಗುಂಪಿನ ವಾಹನ, ಯಾವ ವಿಷಯ, ಹೇಗೆ ಕಲಿತಿರಿ, ಏನು ಕಲಿತಿರಿ. ಜೊತೆಗೆ ನಿಮ್ಮ ಹೆಸರು ಮತ್ತು ಎಂಒಟಿ ಬಳಕೆದಾರ ಸಂಖ್ಯೆ. ‘ಕೈಪಿಡಿ ಓದಿದೆ, 3 ಗಂಟೆ’ ಎಂಬ ಒಂದೇ ಸಾಲು ಬರೆದು ಮಾರ್ಚ್ 28ರ ತಾರೀಕು ಹಾಕಿದರೆ ಯಾರೂ ನಂಬುವುದಿಲ್ಲ, ಬರೆದವರಿಗೂ ಅದರಿಂದ ಉಪಯೋಗವಿಲ್ಲ. ‘ಬ್ರೇಕ್ ಪ್ಯಾಡಿನ ಭಾಗ ಓದಿದೆ, 40 ನಿಮಿಷ, ಚಕ್ರ ಬಿಚ್ಚದೆ ಕಂಡಷ್ಟನ್ನೇ ನೋಡಿ ತೀರ್ಮಾನಿಸಬೇಕು ಎಂಬುದು ಸ್ಪಷ್ಟವಾಯಿತು’ ಎಂದು ಬರೆದರೆ ಅದು ದಾಖಲೆ. ಈ ಕಾಗದಗಳನ್ನೂ ಪರೀಕ್ಷೆಯ ಪ್ರಮಾಣಪತ್ರವನ್ನೂ ಐದು ವರ್ಷ ಜೋಪಾನವಾಗಿಡಿ.

ಇನ್ನು ಪರೀಕ್ಷೆ. 30 ಬಹು ಆಯ್ಕೆಯ ಪ್ರಶ್ನೆಗಳು, ಶೇಕಡಾ 80 ಬಂದರೆ ಪಾಸು, ಅಂದರೆ 24 ಸರಿಯಾಗಬೇಕು. ಮೊದಲ ವರ್ಷ ಶೇಕಡಾ 50 ಸಾಕಿತ್ತು, ಆಮೇಲೆ ವರ್ಷಕ್ಕೆ ಹತ್ತರಂತೆ ಏರಿಸಿ ಇಲ್ಲಿಗೆ ತಂದು ನಿಲ್ಲಿಸಿದರು. ಮಾನ್ಯತೆ ಪಡೆದ ಸಂಸ್ಥೆಯೊಂದಕ್ಕೆ ಶುಲ್ಕ ಕಟ್ಟಿ ಆನ್‌ಲೈನಿನಲ್ಲಿ ಬರೆಯಬೇಕು, ಕೈಪಿಡಿ ತೆರೆದಿಟ್ಟುಕೊಳ್ಳಬಹುದು. ಪುಸ್ತಕ ನೋಡಿ ಬರೆಯುವುದೂ ಒಂದು ಪರೀಕ್ಷೆಯೇ ಎಂದು ಮೂಗು ಮುರಿಯುವವರಿದ್ದಾರೆ. ರ‍್ಯಾಂಪಿನ ಪಕ್ಕದಲ್ಲಿ ನಿಂತಾಗಲೂ ಅದೇ ಕೈಪಿಡಿ ತೆರೆದೇ ಇರುತ್ತದಲ್ಲ? ಉತ್ತರ ಯಾವ ಭಾಗದಲ್ಲಿದೆ ಎಂದು ಗೊತ್ತಿರುವುದೇ ಅಲ್ಲಿ ಬೇಕಾದ ವಿದ್ಯೆ. ಆದರೆ ಈ ಪರೀಕ್ಷೆ ಕೈಯ ಹದವನ್ನು ಅಳೆಯಲಾರದು ಎಂಬ ಮಾತನ್ನು ಒಪ್ಪಲೇಬೇಕು. ಆ ಕೊರತೆ ತುಂಬಬೇಕಾದದ್ದು ಮೂರು ಗಂಟೆಗಳೇ. ಅದರಲ್ಲಿ ಅರ್ಧವಾದರೂ ಗಾಡಿಯ ಅಡಿಯಲ್ಲಿ ಕಳೆಯಬೇಕೆನ್ನುವುದು ಇದಕ್ಕೇ. ಯಂತ್ರ ಬಂದರೆ ಈ ಗೋಜೇ ಇರುವುದಿಲ್ಲ ಎಂಬ ಆಸೆ ನಮ್ಮ ಕಡೆ ಹೆಚ್ಚು. ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿದೆ, ಬ್ರೇಕಿನ ಬಲವನ್ನು ಯಂತ್ರ ಖಂಡಿತ ಚೆನ್ನಾಗಿ ಅಳೆಯುತ್ತದೆ. ತುಕ್ಕು ತಿಂದ ಚಾಸಿಯನ್ನೋ ಒಳಅಂಚು ನೈಸಾದ ಟೈರನ್ನೋ ಬಗ್ಗಿ ನೋಡಲು ಅಲ್ಲೂ ಮನುಷ್ಯನೇ ಬೇಕು.

ತರಬೇತಿಯಲ್ಲಿ ಕಳೆದ ಹೊತ್ತು ಗ್ಯಾರೇಜಿಗೆ ನಷ್ಟ ಎನ್ನುವ ಮಾಲೀಕರಿಗೆ ಲೆಕ್ಕವೇ ಉತ್ತರ. ಮೂರು ಗಂಟೆಯನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ ಕಾಲು ಗಂಟೆ. ಪರೀಕ್ಷೆಯನ್ನು ಜನವರಿಯೊಳಗೇ ಬರೆದುಬಿಡಿ. ಫೇಲಾದರೆ ಮತ್ತೆ ಶುಲ್ಕ ಕಟ್ಟಿ ಬರೆಯಲು ಆಗ ಕಾಲಾವಕಾಶ ಉಳಿದಿರುತ್ತದೆ. ಪಾಸಾದ ಮೇಲೆ ಫಲಿತಾಂಶ ನಿಮ್ಮ ಖಾತೆಯಲ್ಲಿ ಕಾಣುತ್ತಿದೆಯೇ ಎಂದು ಒಮ್ಮೆ ಒಳಹೊಕ್ಕು ನೋಡಿ. ಮಾರ್ಚ್ 31 ದಾಟಿದರೆ ಮಾತ್ರ ಅಧಿಕಾರ ಅಮಾನತಾಗುತ್ತದೆ, ಒಂದೇ ಒಂದು ಗಾಡಿಯನ್ನೂ ತಪಾಸಣೆ ಮಾಡುವಂತಿಲ್ಲ. ಬಾಕಿ ತರಬೇತಿ, ಪರೀಕ್ಷೆ ಮುಗಿಸಿದರಷ್ಟೇ ಸಾಲದು. ಡಿವಿಎಸ್‌ಎಗೆ ಅರ್ಜಿ ಹಾಕಿ, ಅವರ ಅಧಿಕಾರಿಯ ಕಣ್ಣೆದುರು ಒಂದು ಗಾಡಿಯನ್ನು ಮೊದಲಿನಿಂದ ಕೊನೆಯವರೆಗೆ ತಪಾಸಣೆ ಮಾಡಿ ತೋರಿಸಬೇಕು. ಆ ಅಧಿಕಾರಿಗೆ ಬಿಡುವಾಗುವವರೆಗೆ ನಿಮ್ಮ ರ‍್ಯಾಂಪಿನಲ್ಲಿ ರಿಪೇರಿ ನಡೆದೀತು, ಎಂಒಟಿ ನಡೆಯದು.