ಹಕ್ಕಿಪಟ್ಟಿ ಉದ್ದವಾಯಿತೇ? ಕೆರೆ ಏರಿಗೆ ಬನ್ನಿ

ಹಕ್ಕಿ ನೋಡುವ ಹುಚ್ಚು ಹಿಡಿದವರು ಮೊದಲು ಮಾಡುವ ಕೆಲಸ, ನೋಡಲೇಬೇಕಾದ ಹಕ್ಕಿಗಳ ಪಟ್ಟಿ ಬರೆಯುವುದು. ಪಟ್ಟಿಯ ತುದಿಗೇ ನವರಂಗ, ಪಟ್ಟೆತಲೆ ಹೆಬ್ಬಾತು. ತಿಂಗಳುಗಟ್ಟಲೆ ಒಂದೂ ಕಾಣದಿದ್ದರೆ ಪುಸ್ತಕ ಅಟ್ಟ ಸೇರುತ್ತದೆ. ದಯವಿಟ್ಟು ಹಾಗಾಗಲು ಬಿಡಬೇಡಿ.

ಪಟ್ಟಿಯನ್ನು ಕಾಲಕ್ಕೆ ತಕ್ಕಂತೆ ಒಡೆದುಕೊಳ್ಳಿ. ಹೆಬ್ಬಾತು ಹಿಮಾಲಯದಾಚೆಯಿಂದ ಚಳಿಗಾಲಕ್ಕೆ ಬರುವ ಅತಿಥಿ. ಮೇ ತಿಂಗಳಲ್ಲಿ ಹುಡುಕಿ ಫಲವಿಲ್ಲ. ಆಗ ಊರಲ್ಲೇ ಇರುವ ಟಿಟ್ಟಿಭಗಳನ್ನು ಕಲಿಯಿರಿ. ಮೈಸೂರು ಕಡೆಯ ಬಿಳಿಕೆರೆ ಸುತ್ತಿನ ಕೆರೆಯಂಗಳದಲ್ಲಿ ಕೂಗಾಡುವುದು ಹೆಚ್ಚಾಗಿ ಕೆಂಪು ಟಿಟ್ಟಿಭ: ಕಣ್ಣಿನ ಮುಂದೆ ಕೆಂಪು ತೊಗಲು, ಕೊಕ್ಕಿನ ಬುಡವೂ ಕೆಂಪು. ಒಣ ಹೊಲದಲ್ಲಿ ನಿಂತದ್ದಕ್ಕೆ ಆ ತೊಗಲು ಹಳದಿಯಿದ್ದು, ನೆತ್ತಿ ಕಪ್ಪಗಿದ್ದರೆ ಅದು ಹಳದಿ ಟಿಟ್ಟಿಭ. ಈ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲೇ ಬರೆದಿಟ್ಟ ದಿನ ಪಟ್ಟಿಯಲ್ಲಿ ಟಿಕ್ ಹಾಕಿ.

ಪಕ್ಷಿತಜ್ಞ ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದೂ ಒಂದೊಂದು ಕಡೆ ಬೀಡುಬಿಟ್ಟೇ. ನೀವೂ ಒಂದೇ ಕೆರೆ ಹಿಡಿಯಿರಿ. ಭಾನುವಾರ ಬೆಳಗ್ಗೆ ಒಂದು ಗಂಟೆ ಸಾಕು. ಅಲ್ಲೇ ಹತ್ತಿರದ ಅರಬಿತಿಟ್ಟು ವನ್ಯಧಾಮದ ಕಾಡುಹಕ್ಕಿಗಳು ಮುಂದಿನ ವರ್ಷಕ್ಕಿರಲಿ. ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಮಾತ್ರ ಈಗಲೇ ಚೀಲದಲ್ಲಿರಲಿ, ಜೊತೆಗೊಂದು ಪೆನ್ಸಿಲ್ಲು.