ಉಸಿರು ಒಗ್ಗಿತು, ಮೂಳೆ ಇನ್ನೂ ಒಗ್ಗಿಲ್ಲ

ಪ್ರಶ್ನೆ: ನನಗೆ 34 ವರ್ಷ, ಸಾಫ್ಟ್‌ವೇರ್ ಕೆಲಸ. ಮೂರು ತಿಂಗಳಿಂದ ವಾರಕ್ಕೆ ಮೂರು ದಿನ ಕೆರೆ ಏರಿಯ ಮೇಲೆ 3 ಕಿ.ಮೀ. ಓಡುತ್ತಿದ್ದೇನೆ. ಏಪ್ರಿಲ್‌ನಲ್ಲಿ 10 ಕೆ ಓಟಕ್ಕೆ ಹೆಸರು ಕೊಡುವ ಆಸೆಯಿದೆ. ಆದರೆ 4 ಕಿ.ಮೀ. ಮುಟ್ಟುವಷ್ಟರಲ್ಲಿ ಏದುಸಿರು ಬಂದು ನಿಂತುಬಿಡುತ್ತೇನೆ. ಸ್ಟ್ಯಾಮಿನಾ ಹೆಚ್ಚಲು ಟಾನಿಕ್, ಪ್ರೋಟೀನ್ ಪುಡಿ ಏನಾದರೂ ತೆಗೆದುಕೊಳ್ಳಬೇಕೇ?
– ಓದುಗರು, ಬೆಂಗಳೂರು

ಉತ್ತರ: ಟಾನಿಕ್ ಬೇಡ, ಪುಡಿಯೂ ಬೇಡ. ವೇಗ ಇಳಿಸಿ, ಅಷ್ಟೇ ಸಾಕು. ಹೊಸದಾಗಿ ಓಡಲು ಶುರುಮಾಡಿದವರಲ್ಲಿ ಬಹಳ ಮಂದಿ ದಿನದ 3 ಕಿ.ಮೀ.ಯನ್ನೇ ಪಂದ್ಯದಂತೆ ಓಡುತ್ತಾರೆ. ಆ ವೇಗದಲ್ಲಿ ಐದನೇ ಕಿ.ಮೀ. ಯಾರಿಗೂ ಸುಲಭವಲ್ಲ. ಓಡುತ್ತಾ ಓಡುತ್ತಾ ಪಕ್ಕದವರಿಗೆ ನಿಮ್ಮ ಮನೆಗೆ ಬರುವ ದಾರಿಯನ್ನು ಪೂರ್ತಿ ವಿವರಿಸಲು ಸಾಧ್ಯವೇ ನೋಡಿ. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ನೀವು ಜೋರಾಗಿ ಓಡುತ್ತಿದ್ದೀರಿ ಎಂದರ್ಥ. ನ್ಯೂಜಿಲೆಂಡ್‌ನ ಕೋಚ್ ಆರ್ಥರ್ ಲಿಡಿಯಾರ್ಡ್ ತಮ್ಮ ಓಟಗಾರರಿಂದ ವಾರಕ್ಕೆ ಸುಮಾರು 160 ಕಿ.ಮೀ. ಓಡಿಸುತ್ತಿದ್ದರು. ಅದರಲ್ಲಿ ಬಹುಪಾಲು, ಏದುಸಿರಿಲ್ಲದೆ ಮುಗಿಸಬಹುದಾದ ಓಟ. ಅವರ ಶಿಷ್ಯ ಪೀಟರ್ ಸ್ನೆಲ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು ಬರೀ 800 ಮೀಟರ್ ಓಟದಲ್ಲಿ! ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕೂ ಬುನಾದಿ ಹಾಕಿದ್ದು ಗಂಟೆಗಟ್ಟಲೆಯ ನಿಧಾನದ ಓಟವೇ.

ವೇಗ ಇಳಿಸಿದರೂ ಉಸಿರು ಸಾಲದಿದ್ದರೆ ನಡುವೆ ನಡೆಯಿರಿ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಸುಸ್ತಾದ ಮೇಲೆ ನಡೆಯುವುದಲ್ಲ, ಮೊದಲ ಸುತ್ತಿನಿಂದಲೇ ಗಡಿಯಾರ ನೋಡಿ ನಡೆಯಬೇಕು. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೇ ಈ ಕ್ರಮವನ್ನು ಜನಸಾಮಾನ್ಯರಿಗೆ ಕಲಿಸಿ ಎಷ್ಟೋ ಮಂದಿ ಪೂರ್ಣ ಮ್ಯಾರಥಾನ್ ಮುಗಿಸುವಂತೆ ಮಾಡಿದವರು. ನಡೆದರೆ ಮರ್ಯಾದೆ ಹೋಯಿತು ಎಂದುಕೊಳ್ಳಬೇಡಿ.

ಇನ್ನು ದೂರದ ಲೆಕ್ಕ. ವಾರದಲ್ಲಿ ಮೂರೇ ದಿನ ಓಡಿ. ಎರಡು ದಿನ ಈಗಿನಂತೆ 3–4 ಕಿ.ಮೀ. ಇರಲಿ, ಭಾನುವಾರದ ಓಟವನ್ನು ಮಾತ್ರ ಬೆಳೆಸಿ. 4, 5, 5.5 ಕಿ.ಮೀ. ಆದ ಮೇಲೆ ನಾಲ್ಕನೇ ವಾರ ಮತ್ತೆ 4ಕ್ಕೆ ಇಳಿಯಿರಿ. ಆಮೇಲೆ 6, 6.5, 7; ಮತ್ತೆ 5ಕ್ಕೆ ಇಳಿಕೆ. ಹೀಗೆ ಮೂರು ವಾರ ಏರಿ ಒಂದು ವಾರ ಇಳಿದರೆ 13–14 ವಾರಗಳಲ್ಲಿ 10 ಕಿ.ಮೀ. ಕೈಗೆ ಸಿಗುತ್ತದೆ. ಜನವರಿ ಮೊದಲ ವಾರ ಶುರುಮಾಡಿದರೆ ಏಪ್ರಿಲ್ ಕೊನೆಗೆ ಸರಿಹೋಗುತ್ತದೆ. ಫೆಬ್ರುವರಿ ಕಳೆದ ಮೇಲೆ ನೆನಪಾದರೆ ಈ ವರ್ಷ 5 ಕಿ.ಮೀ.ಗೆ ತೃಪ್ತಿಪಡಿ, 10 ಮುಂದಿನ ವರ್ಷಕ್ಕಿರಲಿ.

ಇಳಿಯುವ ವಾರವನ್ನು ಮಾತ್ರ ದಯವಿಟ್ಟು ಬಿಡಬೇಡಿ. ಓಡಲು ಶುರುಮಾಡಿದ ಎರಡೇ ವಾರದಲ್ಲಿ ದೇಹದ ರಕ್ತದ್ರವ ಹೆಚ್ಚುತ್ತದೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ದೂಡುತ್ತದೆ. ಸ್ನಾಯುಗಳೂ ಕೆಲವೇ ವಾರಗಳಲ್ಲಿ ಪಳಗುತ್ತವೆ. ಸ್ನಾಯುರಜ್ಜು ಮತ್ತು ಮೂಳೆಗೆ ಬೇಕಾಗುವುದು ತಿಂಗಳುಗಟ್ಟಲೆ ಸಮಯ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಅಂಶವನ್ನು ಕರಗಿಸಿ, ಆಮೇಲೆ ಹೊಸದನ್ನು ಕಟ್ಟಿಕೊಳ್ಳುತ್ತದೆ. ಹಳೇ ಹಂಚು ಇಳಿಸಿ ಹೊಸ ಹಂಚು ಹೊದಿಸುವ ನಡುವೆ ಮಳೆ ಬಂದರೆ ಏನಾಗುತ್ತದೋ, ಆ ಅವಧಿಯಲ್ಲಿ ವಿಪರೀತ ಓಡಿದರೆ ಕಾಲಿಗೂ ಅದೇ ಗತಿ. ಕಟ್ಟುವ ಒಂದು ಸುತ್ತು ಮುಗಿಯಲು ಮೂರು–ನಾಲ್ಕು ತಿಂಗಳು ಹಿಡಿಯುತ್ತದೆ. ಆದ್ದರಿಂದಲೇ ‘ಉಸಿರು ಚೆನ್ನಾಗಿದೆ, ಇನ್ನೆರಡು ಕಿ.ಮೀ. ಓಡಿಬಿಡೋಣ’ ಎನ್ನಿಸುವ ಎರಡನೇ ತಿಂಗಳು ನನಗೆ ಹೆಚ್ಚು ಭಯದ ಕಾಲ.

ಪ್ರಶ್ನೆ: ವಯಸ್ಸು 27. ಒಂದೇ ತಿಂಗಳಲ್ಲಿ 3ರಿಂದ 8 ಕಿ.ಮೀ.ಗೆ ಬಂದೆ. ಈಗ ಮೊಣಕಾಲ ಕೆಳಗೆ, ಮುಂಗಾಲ ಮೂಳೆಯ ಒಳಮಗ್ಗುಲಲ್ಲಿ ನೋವು. ನೋವಿನ ಮಾತ್ರೆ ನುಂಗಿ ಓಡುತ್ತಿದ್ದೇನೆ. ಮುಂದುವರಿಸಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಮಾತ್ರೆ ನುಂಗಿ ಓಡುವುದನ್ನು ಇವತ್ತೇ ನಿಲ್ಲಿಸಿ. ನೋವು ಗೊತ್ತಾಗದಿದ್ದರೆ ಮೂಳೆಗೆ ಆಗುತ್ತಿರುವ ಪೆಟ್ಟೂ ಗೊತ್ತಾಗುವುದಿಲ್ಲ. ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಡೈಕ್ಲೋಫಿನಾಕ್, ಐಬುಪ್ರೊಫೆನ್ ಮೂತ್ರಪಿಂಡಕ್ಕೂ ಕೆಟ್ಟವು.

ಕುರ್ಚಿಯ ಮೇಲೆ ಕುಳಿತು ಆ ಮೂಳೆಯ ಒಳಅಂಚನ್ನು ಮೊಣಕಾಲಿನಿಂದ ಗಿಣ್ಣಿನವರೆಗೆ ಬೆರಳ ತುದಿಯಿಂದ ಒತ್ತುತ್ತಾ ಬನ್ನಿ. ಗೇಣುದ್ದಕ್ಕೂ ಅಲ್ಲಲ್ಲಿ ನೋವಿದ್ದು, ಓಡಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ಕಡಿಮೆಯಾಗುವಂತಿದ್ದರೆ ಅದು ಬಹುಶಃ ಶಿನ್ ಸ್ಪ್ಲಿಂಟ್ಸ್. ಎರಡು–ಮೂರು ವಾರ ಓಟ ಬಿಟ್ಟು ಸೈಕಲ್ ತುಳಿಯಿರಿ, ಈಜಿ, ಹಿಂಗಾಲಿನ ಮೀನಖಂಡ ಬಲಪಡಿಸಿ; ಆಮೇಲೆ ನೋವಿಲ್ಲದ ಅರ್ಧ ದೂರದಿಂದ ಮತ್ತೆ ಶುರುಮಾಡಿ. ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಒತ್ತಿದಾಗ ಜೀವ ಹೋಗುವಂತೆ ನೋವಾದರೆ, ಓಡಿದಷ್ಟೂ ಹೆಚ್ಚಾಗುತ್ತಿದ್ದರೆ, ರಾತ್ರಿ ಮಲಗಿದಾಗಲೂ ಕಾಡಿದರೆ ಮೂಳೆ ಬಿರುಕು ಬಿಟ್ಟಿರಬಹುದು. ಮೂಳೆ ತಜ್ಞರನ್ನು ಕಾಣಿ. ಮೊದಲ ಎರಡು–ಮೂರು ವಾರ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದೇ ಇರಬಹುದು. ‘ಎಕ್ಸ್‌ರೇ ನಾರ್ಮಲ್’ ಎಂದ ಮಾತ್ರಕ್ಕೆ ಓಡಬೇಡಿ. ಸಂಶಯವಿದ್ದರೆ ಎಂಆರ್‌ಐ ಬೇಕಾಗುತ್ತದೆ.

ನೀವು ಹೆಣ್ಣುಮಗಳಾಗಿದ್ದರೆ ಕೇಳಲೇಬೇಕಾದ ಇನ್ನೊಂದು ಮಾತು: ಓಟ ಹೆಚ್ಚಿದ ಮೇಲೆ ಮುಟ್ಟು ತಪ್ಪಿದೆಯೇ, ಊಟ ಕಡಿಮೆ ಮಾಡಿದ್ದೀರಾ? ತೂಕ ಇಳಿಸಲೆಂದು ರಾತ್ರಿಯೂಟ ಬಿಟ್ಟು ಓಡುವ ಹುಡುಗಿಯರು ಬಹಳ. ದೇಹಕ್ಕೆ ಅನ್ನ ಸಾಲದೆ ಹೋದರೆ ಹಾರ್ಮೋನು ಕುಗ್ಗುತ್ತದೆ, ಅದರ ಹಿಂದೆಯೇ ಮೂಳೆ ಸೊರಗುತ್ತದೆ. ಮುಟ್ಟು ನಿಂತಿದ್ದರೆ ಅದನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಹಿಮೋಗ್ಲೋಬಿನ್, ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಳ್ಳಿ. ರೊಟ್ಟಿ, ಕಾಳು ಪಲ್ಲೆ, ಮೊಸರು ಹೊಟ್ಟೆತುಂಬ ಇರಲಿ.

ಪ್ರಶ್ನೆ: ವಾರಕ್ಕೆ ಶೇ 10ಕ್ಕಿಂತ ಹೆಚ್ಚು ದೂರ ಏರಿಸಬಾರದು ಎನ್ನುತ್ತಾರಲ್ಲ?
– ಓದುಗರು, ಮಂಗಳೂರು

ಉತ್ತರ: ಹೇಳಿಕೊಳ್ಳಲು ಸುಲಭ, ಆದರೆ ಅದು ರಕ್ಷಾಕವಚವಲ್ಲ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್‌ನಲ್ಲಿ 500ಕ್ಕೂ ಹೆಚ್ಚು ಹೊಸ ಓಟಗಾರರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಲೆಕ್ಕದಂತೆ 13 ವಾರ ತರಬೇತಿ ಪಡೆದವರಿಗೂ 8 ವಾರದಲ್ಲಿ ಮುಗಿಸಿದವರಿಗೂ ಗಾಯವಾದದ್ದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಐವರಲ್ಲಿ ಒಬ್ಬರಿಗೆ. ಲೆಕ್ಕ ಇಟ್ಟುಕೊಳ್ಳಿ, ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಕಾಲು ಏನು ಹೇಳುತ್ತದೆ ಎಂಬುದಕ್ಕೆ ಹೆಚ್ಚು ಬೆಲೆ ಕೊಡಿ.

ಪ್ರಶ್ನೆ: ನನಗೆ 52. ಐದು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ತಂದೆಗೆ 50ರಲ್ಲಿ ಹೃದಯಾಘಾತವಾಗಿತ್ತು. ದಿನಾ 5 ಕಿ.ಮೀ. ನಡೆಯುತ್ತೇನೆ. ಓಡಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಓಡುವ ಸಾಧ್ಯತೆ ಖಂಡಿತ ಇದೆ, ಪರೀಕ್ಷೆ ಮುಗಿದ ಮೇಲೆ. ನಿಮ್ಮ ವಯಸ್ಸು, ಸಕ್ಕರೆ, ತಂದೆಯವರ ಕಾಯಿಲೆ ಮೂರೂ ಸೇರಿರುವುದರಿಂದ ಹೃದ್ರೋಗ ತಜ್ಞರನ್ನು ಕಂಡು ಬಿಪಿ, ಕೊಲೆಸ್ಟರಾಲ್, ಇಸಿಜಿ, ಅವರು ಹೇಳಿದರೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ. ಟ್ರೆಡ್‌ಮಿಲ್ ಪರೀಕ್ಷೆ ಸರಿಯಿದ್ದರೂ ಎಚ್ಚರ ಬಿಡಬೇಡಿ. ಓಡುವಾಗ ಎದೆ ಹಿಡಿದಂತೆ, ದವಡೆ ಅಥವಾ ಎಡತೋಳು ಜಗ್ಗಿದಂತೆ, ಕಣ್ಣು ಕತ್ತಲಿಟ್ಟಂತೆ ಆದರೆ ನಿಂತು ಸಹಾಯಕ್ಕೆ ಕೂಗಿ, 108ಕ್ಕೆ ಕರೆ ಮಾಡಿಸಿ. ಗ್ಯಾಸ್ ಇರಬೇಕೆಂದು ಮನೆಗೆ ಹೋಗಿ ಮಲಗಬೇಡಿ.

ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಓಡುವಾಗ ಸಕ್ಕರೆ ಕುಸಿಯಬಹುದು. ಹೊರಡುವ ಮುನ್ನ ಗ್ಲುಕೋಮೀಟರ್‌ನಲ್ಲಿ ನೋಡಿ, 100ಕ್ಕಿಂತ ಕಡಿಮೆಯಿದ್ದರೆ ಒಂದು ಬಾಳೆಹಣ್ಣು ತಿನ್ನಿ. ಜೇಬಿನಲ್ಲಿ ಗ್ಲುಕೋಸ್ ಪುಡಿ ಅಥವಾ ಸಕ್ಕರೆ ಸದಾ ಇರಲಿ. ಓಟ ಹೆಚ್ಚಿದಂತೆ ಮಾತ್ರೆಯ ಪ್ರಮಾಣ ಇಳಿಸಬೇಕಾಗಬಹುದು; ಅದನ್ನು ನಿಮ್ಮ ವೈದ್ಯರು ನಿರ್ಧರಿಸಲಿ. ಸ್ನಾನವಾದ ಮೇಲೆ ಪಾದದ ಅಡಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಸ್ಪರ್ಶ ಕಡಿಮೆಯಾದ ಕಾಲಿಗೆ ಶೂ ಕಚ್ಚಿದ್ದು ತಿಳಿಯುವುದಿಲ್ಲ. ಮೊದಲ ತಿಂಗಳು ನಾಲ್ಕು ನಿಮಿಷ ನಡಿಗೆಗೆ ಒಂದು ನಿಮಿಷ ಓಟ ಸಾಕು.

ಪ್ರಶ್ನೆ: ಓಡುವಾಗ ಎಷ್ಟು ನೀರು ಕುಡಿಯಬೇಕು? ನಮ್ಮಲ್ಲಿ ಬಿಸಿಲು ಹೆಚ್ಚು.
– ಓದುಗರು, ರಾಯಚೂರು

ಉತ್ತರ: ಬಾಯಾರಿದಷ್ಟು. ಗಂಟೆಯೊಳಗಿನ ಓಟಕ್ಕೆ ನೀರೇ ಸಾಕು. ಅದಕ್ಕಿಂತ ಹೆಚ್ಚಾದರೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಕುಡಿಯಿರಿ. ದಾಹವಿಲ್ಲದಿದ್ದರೂ ಬಾಟಲಿಗಟ್ಟಲೆ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆಸುತ್ತು, ವಾಂತಿ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ನಿಮ್ಮ ಕಡೆ ಮಾರ್ಚ್‌ನಿಂದ ಮೇ ಕೊನೆವರೆಗೆ ದೂರ ಬೆಳೆಸುವುದು ಬೇಡ. ಬೆಳಿಗ್ಗೆ ಆರರೊಳಗೆ ಮುಗಿಯುವ ಚಿಕ್ಕ ಓಟ ಇಟ್ಟುಕೊಂಡು, ಉದ್ದದ ಓಟವನ್ನು ಮಳೆ ಹಿಡಿದ ಮೇಲೆ ಶುರುಮಾಡಿ.